ನೀನು ನೋಡದ ಚಿತ್ರ

ಬ್ರೂಮ್‌ಹಿಲ್, ಶೆಫೀಲ್ಡ್
17 ಅಕ್ಟೋಬರ್ 2004

ಪ್ರೀತಿಯ ರಾಮಣ್ಣನಿಗೆ,

ಕಣ್ಣಿನ ಆಪರೇಷನ್ ಆದಮೇಲೆ ಹೇಗಿದ್ದೀಯ? ಕಪ್ಪು ಕನ್ನಡಕ ತೆಗೆದಿಟ್ಟು ಓದುತ್ತಾ ಕೂರಬೇಡ. ಡಾಕ್ಟರ ಹೆಂಡತಿಯಾಗಿ ಹೇಳುತ್ತಿದ್ದೇನೆ, ಅತ್ತಿಗೆಯ ಮಾತನ್ನಂತೂ ನೀನು ಕೇಳುವವನಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ಇವರಿಗೆ ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಈ ವಾರವೂ ರಜೆಯಿಲ್ಲ.

ನಿನ್ನ ಸಿನಿಮಾ ವಿಮರ್ಶೆಗಳ ಸಂಕಲನ ತಲುಪಿತು. ಬಸ್ ಸ್ಟಾಪಿನಲ್ಲೇ ಮುನ್ನುಡಿ ಓದಿದೆ. ‘1969ರಲ್ಲಿ ಆ ಫ್ರೆಂಚ್ ಚಿತ್ರ ನೋಡುತ್ತಾ ನಾನು ಬೆರಗಾಗಿ ಕೂತಿದ್ದೆ, ತಂಗಿ ದಾಕ್ಷಾಯಣಿ ನನ್ನ ಭುಜಕ್ಕೊರಗಿ ನಿದ್ದೆ ಹೋಗಿದ್ದಳು’ ಎಂದು ಬರೆದಿದ್ದೀಯ. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ.

ಅಣ್ಣಾ, ಆ ಸಂಜೆ ನೀನು ಕಾಮಾಲೆಯಾಗಿ ಮನೆಯಲ್ಲಿ ಮಲಗಿದ್ದೆ. ಫಿಲ್ಮ್ ಸೊಸೈಟಿಯ ನಿನ್ನ ಪಾಸು ಹಿಡಿದು ಹೋದವಳು ನಾನು. ಒಬ್ಬ ಹೆಂಗಸು, ಒಂದು ಅಡುಗೆಮನೆ, ಮಾತೇ ಇಲ್ಲ. ಜನ ಶಿಳ್ಳೆ ಹೊಡೆದರು, ಬೈದುಕೊಂಡು ಎದ್ದುಹೋದರು. ನಾನು ಕತ್ತಲಲ್ಲೇ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡೆ. ಮರುದಿನ ನಿನ್ನ ಮಂಚದ ಪಕ್ಕ ಕೂತು ಹೇಳುತ್ತಿದ್ದರೆ, ‘ಆಮೇಲೆ? ಆಮೇಲೇನಾಯ್ತು ಹೇಳೇ’ ಎಂದು ಪೀಡಿಸಿದವನು ನೀನು. ‘ಅವಳು ಬಟಾಣಿ ಸುಲಿಯುವಾಗ ನಮ್ಮ ಅಮ್ಮಂದಿರ ಮಧ್ಯಾಹ್ನಗಳೆಲ್ಲ ತೆರೆಯ ಮೇಲಿವೆ’ ಎಂಬ ನಿನ್ನ ಲೇಖನದ ಸಾಲನ್ನು ಕಾಲೇಜುಗಳಲ್ಲಿ ಪಾಠ ಮಾಡಿದರಲ್ಲ, ಅದು ನಾನು ಹೇಳಿದ ಮಾತು. ಆ ಲೇಖನ ಬಂದಮೇಲೆ, ಬೈದವರೇ ಚಿತ್ರವನ್ನು ಮೇರುಕೃತಿ ಎಂದರು. ‘ಪುಸ್ತಕ ಮಾಡುವಾಗ ನಿನ್ನ ಹೆಸರೂ ಹಾಕ್ತೀನಿ ಕಣೆ’ ಎಂದಿದ್ದೆ ನೀನು. ಮೂವತ್ತೈದು ವರ್ಷ ಕಾದೆ. ಹೆಸರು ಬಿಟ್ಟಿದ್ದರೆ ಸುಮ್ಮನಿರುತ್ತಿದ್ದೆ. ಎಚ್ಚರವಿದ್ದವಳನ್ನು ಮಲಗಿಸಿಬಿಟ್ಟೆಯಲ್ಲ!

ಕಳೆದ ಶನಿವಾರ ಅದೇ ಚಿತ್ರ ಇಲ್ಲಿ ಮತ್ತೆ ಬಂತು. ಪ್ಯಾರಿಸಿನಲ್ಲೂ ಮೊದಲು ನಕ್ಕಿದ್ದರಂತೆ. ಈಗ ವಿದ್ಯಾರ್ಥಿಗಳು ಟಿಕೆಟ್ಟಿಗೆ ಸಾಲು ನಿಂತಿದ್ದರು. ‘ಅಮ್ಮಾ, ನಥಿಂಗ್ ಈಸ್ ಹ್ಯಾಪನಿಂಗ್. ವೈ ಆರ್ ಯೂ ಕ್ರೈಯಿಂಗ್?’ ಎಂದಳು ಮಗಳು ನಿಹಾರಿಕಾ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ತಂಗಿ,
ದಾಕ್ಷಾಯಣಿ

ಇನ್ನೊಂದು ಮಾತು. ಅಂದು ಮೈಸೂರಿಗೆ ಕೊನೆಯ ರೀಲು ಬಂದೇ ಇರಲಿಲ್ಲ. ಕೂತಿದ್ದ ನಾಲ್ಕು ಜನರೂ ಕೊನೆ ನೋಡದೆ ಮನೆಗೆ ಹೋದೆವು. ನಿನಗೆ ಬೇಜಾರಾಗಬಾರದೆಂದು, ಅವಳು ಕಿಟಕಿ ತೆರೆದು ನಗುವ ಕೊನೆಯನ್ನು ನಾನೇ ಕಟ್ಟಿ ಹೇಳಿದ್ದೆ. ಅದರ ಮೇಲೆ ನೀನು ಮೂರು ಪುಟ ಬರೆದಿದ್ದೀಯ. ಚಿತ್ರದಲ್ಲಿ ಆ ಕಿಟಕಿಯೇ ಇಲ್ಲ, ಅಣ್ಣಾ. ನೀನು ಇವತ್ತಿನವರೆಗೂ ಅದನ್ನು ನೋಡಿಲ್ಲ ಎಂದು ನನಗೆ ಶನಿವಾರ ಗೊತ್ತಾಯಿತು. ನಿನ್ನ ಪ್ರಕಾಶಕ ಹರಿಶ್ಚಂದ್ರ ಆ ಲೇಖನವನ್ನು ಇಂಗ್ಲಿಷಿಗೆ ಮಾಡಿಕೊಡಲು ನನ್ನನ್ನೇ ಕೇಳಿದ್ದಾರೆ. ಒಪ್ಪಿಕೊಂಡಿದ್ದೇನೆ. ಒಂದಕ್ಷರವನ್ನೂ ತಿದ್ದುವುದಿಲ್ಲ.