ಒಣಮೆಣಸಿನಕಾಯಿಯ ಕೆಂಪು

ನನ್ನ ಅಕ್ಕನಿಗೆ,

ಆ ಬೆಳಿಗ್ಗೆ ಹಲಬರ್ಗಾದ ಮನೆಯಲ್ಲಿ ನಾನು ಚಹಾವನ್ನು ಕಪ್ಪಿನ ಪಕ್ಕಕ್ಕೆ ಸುರಿದದ್ದು ನೆನಪಿದೆಯಾ? ಬರದ ವರ್ಷ. ಅರ್ಧ ಊರು ಪುಣೆಗೆ ದುಡಿಯಲು ಹೋಗಿತ್ತು. ಬೋರ್‌ವೆಲ್ ಕೊರೆಯುವ ಗಾಡಿಯ ಮೇಲೆ ಕೆಲಸಕ್ಕಿದ್ದ ನನಗೆ ಆಫ್ರಿಕಾದಿಂದ ಕೆಲಸದ ಕರೆ ಬಂದಿತ್ತು. ಅದಕ್ಕೆಂದೇ ಹೈದರಾಬಾದಿನಲ್ಲಿ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಬಂದಿದ್ದೆ. ಆಮೇಲೆ ಎಡಗಣ್ಣು ಹೊರಳಿಸಿದರೆ ನೋವು, ಎದುರಿಗೆಲ್ಲ ಮಬ್ಬು. ಹೇಳಿದರೆ ಪ್ರಯಾಣ ತಪ್ಪುತ್ತದೆಂದು ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಊರಿಗೆಲ್ಲ ಸೂಜಿ ಹಾಕುವ ನರ್ಸ್‌ಬಾಯಿ ನೀನು, ನಿನ್ನ ಕಣ್ಣು ತಪ್ಪಿಸುವಷ್ಟು ಜಾಣ ನಾನು ಯಾವಾಗ ಆಗಿದ್ದೆ?

ಮಾಳಿಗೆಯ ಮೇಲೆ ಒಣಗಿಸಿದ್ದ ಮೆಣಸಿನಕಾಯಿಯೊಂದನ್ನು ನೀನು ನನ್ನ ಮೂಗಿನ ಮುಂದೆ ಹಿಡಿದು, ಒಂದೊಂದೇ ಕಣ್ಣು ಮುಚ್ಚಿಸಿದೆ.

“ಖರೇ ಹೇಳ್ ತಮ್ಮಾ, ಎರಡೂ ಕಣ್ಣಿಗಿ ಒಂದೇ ಕೆಂಪು ಕಾಣ್ತದೇನು?”

“ಎಡಗಣ್ಣಿಗಿ ಬಣ್ಣ ಹೋದ ಅರಿವಿ ಹಂಗ ಕಾಣ್ತದಕ್ಕಾ.”

ನೀನು ಬೈಯಲಿಲ್ಲ. ಅದಕ್ಕೇ ನಾನು ಹೆದರಿದೆ.

ಬೀದರಿನ ಡಾಕ್ಟರು ಕಣ್ಣಿನ ನರಕ್ಕೆ ಬಾವು ಬಂದಿದೆ ಎಂದರು. ಲಸಿಕೆಯಿಂದ ಆಗಿರಬಹುದು, ಬಹಳ ಅಪರೂಪ, ಖಚಿತವಾಗಿ ಹೇಳಲಾಗದು ಎಂದರು. ಸಲೈನಿನಲ್ಲಿ ಔಷಧ ಬಿಟ್ಟರು. ನೀನು ಮಂಚದ ಮಗ್ಗುಲಲ್ಲಿ ಕೂತು ದಿನಾ ಅದೇ ಮೆಣಸಿನಕಾಯಿ ತೆಗೆದು ತೋರಿಸುತ್ತಿದ್ದೆ. ನಿಧಾನಕ್ಕೆ ಕೆಂಪು ತಿರುಗಿ ಬಂತು. ಆಫ್ರಿಕಾ ಹೋಯಿತು, ಹೋಗಲಿ.

ಆದರೆ ಊರಿಗೆ ಬಂದಾಗ ಕಾದದ್ದು ಬೇರೆ. ನರ್ಸ್‌ಬಾಯಿಯ ತಮ್ಮನ ಕಣ್ಣೇ ಸೂಜಿಯಿಂದ ಹೋಯಿತೆಂದು ಹೆಂಗಸರು ನಿನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಕೂಸುಗಳ ಸೂಜಿಯೇ ಬೇರೆ, ನನ್ನ ಕಣ್ಣೂ ಕಾಣುತ್ತಿದೆ ಎಂದು ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ನಾನೋ ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತೆ. ಜನ ಅಯ್ಯೋ ಅನ್ನುವುದು ಹಿತವಾಗಿತ್ತು, ಅಕ್ಕ. ನೀನು ಲಸಿಕೆಯ ಐಸ್ ಡಬ್ಬಿಯನ್ನು ತುಂಬಿದ್ದಂತೆಯೇ ಭಾಲ್ಕಿಯ ದವಾಖಾನೆಗೆ ವಾಪಸು ಕಳಿಸುತ್ತಿದ್ದೆ. ಒಂದು ದಿನವೂ ನನ್ನನ್ನು ಯಾಕೆ ಕೇಳಲಿಲ್ಲ? ನೀನು ಕೇಳಿದ್ದರೆ ನಾನು...

ನೀನು ತೀರಿಹೋದ ಮೇಲೆ ಆ ಕನ್ನಡಕ ಭಾರವಾಯಿತು. ಮೊನ್ನೆ ಮೊಮ್ಮಗಳನ್ನು ಎತ್ತಿಕೊಂಡು ಸೂಜಿ ಹಾಕಿಸಲು ಅಂಗನವಾಡಿಗೆ ಹೋದೆ. ಈಗಿನ ನರ್ಸ್ ಔರಾದ ಕಡೆಯ ಹುಡುಗಿ. ಹೆಂಗಸರು ಬಾಗಿಲಲ್ಲೇ ನಿಂತು ನನ್ನತ್ತ ನೋಡುತ್ತಿದ್ದರು. ಕನ್ನಡಕ ತೆಗೆದೆ.

“ಕಣ್ಣಿಗಿ ಆಗಿದ್ದು ಖರೇ ಅದರಿ. ಎಂಟು ದಿನ ಮುಚ್ಚಿಟ್ಟಿದ್ದು ನನ್ನ ತಪ್ಪು. ಇವತ್ತು ನಿಮ್ಮ ಮಾರಿ ಕಾಣ್ತದಂದ್ರ, ಅದು ನಮ್ಮಕ್ಕನಿಂದ.”

ಮೊದಲು ನಮ್ಮ ಕೂಸನ್ನೇ ತೊಡೆಯ ಮೇಲೆ ಕೂರಿಸಿಕೊಂಡೆ. ಸೂಜಿ ಚುಚ್ಚಿದಾಗ ಅತ್ತಳು, ಸುಮ್ಮನಾದಳು. ಹಿಂದೆ ಒಬ್ಬೊಬ್ಬರೇ ಬಂದರು.

ಅಕ್ಕ, ಅವತ್ತು ಡಬ್ಬಿ ಖಾಲಿಯಾಗಿ ಭಾಲ್ಕಿಗೆ ಹೋಯಿತು.

ನಿನ್ನ ತಮ್ಮ