ನಿಮ್ಮ ತೋಳನ್ನೇ ಮೂಸಿಕೊಳ್ಳಿ

ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ

ಮಹಾರಾಯರಿಗೆ,

ಇಲ್ಲಿ ನಾನು ಕ್ಷೇಮ, ಅಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಬೇಕು. ನಂಬಿಲ್ಲ. ಅಂಗಡಿಯ ಮೇಲಿನ ಆ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ. ಊರವರ ಹೊಲಿಗೆ ಯಂತ್ರಗಳನ್ನೆಲ್ಲ ಬಿಚ್ಚಿ ಜೋಡಿಸುವ ನೀವು ಸ್ವಂತ ಕಿಟಕಿಗೆ ಒಂದು ಮೊಳೆ ಹೊಡೆಯುವವರಲ್ಲ. ಹಾಗಾಗಿ ನೆಗಡಿಯಾಗಿರುತ್ತದೆ, ಪೆಪ್ಪರಮಿಂಟು ಕೆನ್ನೆಯಲ್ಲಿಟ್ಟುಕೊಂಡು ಏನೂ ಆಗಿಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಿರುತ್ತೀರಿ.

ಪತ್ರ ಯಾಕೆ, ಫೋನು ಇಲ್ಲವೇ ಎಂದು ಕೇಳಬೇಡಿ. ಫೋನಿನಲ್ಲಿ ನೀವು ಹೂಂ ಎನ್ನುತ್ತೀರಿ, ನಾನು ಸರಿ ಎನ್ನುತ್ತೇನೆ, ಅಲ್ಲಿಗೆ ನಮ್ಮ ಸಂಸಾರ ಮುಗಿಯುತ್ತದೆ. ಪತ್ರದಲ್ಲಾದರೆ ನೀವು ಮಧ್ಯೆ ಹೂಂ ಎನ್ನುವ ಹಾಗಿಲ್ಲ.

ನೀವು ಕೇಳಿದ ಪ್ರಶ್ನೆ ನೆನಪಿದೆ. ಮನೆಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಮಾಲೀಕರು ಕೇಳುತ್ತಿದ್ದಾರೆ, ಈ ವಾರದೊಳಗೆ ಹೇಳಬೇಕು. ಅವರು ಕೇಳಿದ್ದು ಮನೆಯ ವಿಷಯ. ನೀವು ಅದನ್ನು ನನಗೆ ದಾಟಿಸಿದ ದನಿಯಲ್ಲಿ ಮನೆ ಮಾತ್ರ ಇರಲಿಲ್ಲ. ನೀವು ಅಂಗಡಿ ಮೇಲೆ, ನಾನು ಊರೂರು ಮೇಲೆ, ಮನೆಗೆ ಬೀಗ. ಇನ್ನು ಒಟ್ಟಿಗೆ ಇರುವುದುಂಟೋ ಇಲ್ಲವೋ ಎಂದು ನೀವು ಬಾಯಿಬಿಟ್ಟು ಕೇಳುವ ಬದಲು ಮಾಲೀಕರ ಬಾಯಿಂದ ಕೇಳಿಸಿದಿರಿ. ಉತ್ತರ ಕೊಡುತ್ತೇನೆ. ಆದರೆ ಮೊದಲು ಬೇರೆ ವಿಷಯ.

ನಾನು ಅತ್ತರು ಮಾಡುವುದನ್ನು ಕಲಿತೆ. ನಗಬೇಡಿ. ಈ ಊರಿನಿಂದ ಮೊನ್ನೆ ಬೆಳಿಗ್ಗೆ ಹೊರಡಬೇಕಾಗಿದ್ದ ಬಸ್ಸು ಕೆಟ್ಟು ನಿಂತಿತು. ಸಂಜೆಯವರೆಗೆ ಕಾಯಿರಿ ಎಂದರು. ನನ್ನನ್ನು ಬಲ್ಲಿರಿ, ಕಾಯುವುದೆಂದರೆ ಮೈಯೆಲ್ಲ ಇರುವೆ ಹರಿದಂತಾಗುತ್ತದೆ. ಬಸ್ ನಿಲ್ದಾಣದ ಸುತ್ತ ತಿರುಗಿದೆ, ಮಾರುಕಟ್ಟೆ ತಿರುಗಿದೆ, ಬೇಡದ ಬಾಚಣಿಗೆ ಕೊಂಡೆ, ತಿರುಗಿ ಬಂದು ಬಸ್ಸಿನ ಚಾಲಕನಿಗೆ ಗೇರಿನ ಬಗ್ಗೆ ಪಾಠ ಹೇಳಿದೆ. ಅವನು ಕೈಮುಗಿದು, ದಯವಿಟ್ಟು ಎಲ್ಲಿಗಾದ್ರೂ ಹೋಗಿ ಬನ್ನಿ ಮೇಡಂ ಅಂದ. ಹಾಗೆ ಹೋದಾಗ ಕಂಡದ್ದು ಆ ಬೋರ್ಡು: ನಿಮ್ಮ ಪರಿಮಳವನ್ನು ನೀವೇ ತಯಾರಿಸಿ, ಮಹಡಿಯ ಮೇಲೆ.

ಮಹಡಿಯಲ್ಲಿ ಉದ್ದನೆಯ ಮೇಜು. ಅದರ ಮೇಲೆ ಕಂದು ಬಣ್ಣದ ಪುಟ್ಟ ಸೀಸೆಗಳ ಸಾಲು, ಗಾಜಿನ ಹನಿನಳಿಗೆಗಳು, ಬಿಳಿ ಕಾಗದದ ಕತ್ತರಿಸಿದ ಪಟ್ಟಿಗಳು. ಕಲಿಸುವವಳು ನನ್ನ ವಯಸ್ಸಿನ ಹೆಂಗಸು, ಮುಖದಲ್ಲಿ ಮೂಗಿಗೇ ಮೊದಲ ಮರ್ಯಾದೆ. ನಾನು ಅವಳಿಗೆ ಮನಸ್ಸಿನಲ್ಲೇ ಮೂಗಮ್ಮ ಎಂದು ಹೆಸರಿಟ್ಟೆ. ಪಕ್ಕದ ಕುರ್ಚಿಯಲ್ಲಿ ಕೆಲಸದಿಂದ ನಿವೃತ್ತರಾದ ಒಬ್ಬ ಹಲ್ಲಿನ ಡಾಕ್ಟರು. ಮನೆಯಲ್ಲಿ ಕೂತು ತಲೆ ತಿನ್ನುತ್ತಾರೆಂದು ಹೆಂಡತಿಯೇ ಇಲ್ಲಿಗೆ ಅಟ್ಟಿದ್ದಳಂತೆ. ಎದುರಿಗೆ ಹೊಸದಾಗಿ ಮದುವೆಯಾದ ಜೋಡಿ, ಒಂದೇ ಪಟ್ಟಿಯನ್ನು ಇಬ್ಬರೂ ಮೂಸಿ ನಗುತ್ತಿದ್ದರು. ನೋಡಿ ನನಗೆ ಮೈ ಉರಿಯಿತು.

ಮೂಗಮ್ಮ ಹೇಳಿದ್ದು ಇಷ್ಟು. ನಿಂಬೆ, ಕಿತ್ತಳೆ ಇವೆಲ್ಲ ಬಂದ ಕೂಡಲೇ ಓಡುವ ಜಾತಿ. ಗುಲಾಬಿ, ಮಲ್ಲಿಗೆ ಸ್ವಲ್ಪ ಹೊತ್ತು ಕೂರುತ್ತವೆ. ಲಾವಂಚದ ಬೇರು, ದೇವದಾರು ಬಟ್ಟೆಗೆ ಅಂಟಿದರೆ ಒಗೆದರೂ ಹೋಗುವುದಿಲ್ಲ. ಮೂರೂ ಸೇರಿದರೇ ಪರಿಮಳ. ನೀವು ಈಗ ಏನು ಯೋಚಿಸುತ್ತಿದ್ದೀರೆಂದು ಗೊತ್ತು. ನಿಂಬೆ ನಾನು, ಬೇರು ನೀವು, ಅಲ್ಲವೇ? ಅಷ್ಟು ಸುಲಭವಾಗಿ ಬಿಡಿಸಿಕೊಳ್ಳಬೇಡಿ. ಬೇರು ಆದದ್ದು ದೊಡ್ಡ ಸಾಧನೆಯೇನಲ್ಲ, ಅದಕ್ಕೆ ಕಾಲಿಲ್ಲ.

ಇಲ್ಲಿಯವರೆಗೆ ಬರೆದು, ಎದ್ದು ಹೋಗಿ, ಬೀದಿಯ ತುದಿಯವರೆಗೆ ನಡೆದು ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಇರಲಿ.

ನನ್ನ ಸೀಸೆಗೆ ನಾನು ಹಾಕಿದ್ದೆಲ್ಲ ಓಡುವ ಜಾತಿಯೇ. ಕಿತ್ತಳೆ ಹನಿಸುವಾಗ ಕೈ ಜಾರಿ ಸುರಿದೇ ಹೋಯಿತು. ಕಾಲು ತಾನಾಗಿ ನೆಲವನ್ನು ಒತ್ತಿತು, ಮೇಜಿನ ಕೆಳಗೆ ಬ್ರೇಕು ಹುಡುಕಿತು! ಇಷ್ಟು ವರ್ಷ ಡ್ರೈವಿಂಗ್ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬದುಕಿದವಳಿಗೆ ಇದೊಂದು ರೋಗ. ಅತ್ತರಿಗೆ ಬ್ರೇಕಿಲ್ಲ. ಬಿದ್ದ ಹನಿಯನ್ನು ತೆಗೆಯಲು ಬರುವುದಿಲ್ಲವಂತೆ. ಮೂಗಮ್ಮ ನನ್ನ ಸೀಸೆ ಮೂಸಿ, ಚೆನ್ನಾಗಿದೆ ಕಣ್ರೀ, ಆದ್ರೆ ಇದ್ರಲ್ಲಿ ನಾಳೆಗೆ ಉಳಿಯೋದು ಏನೂ ಇಲ್ವಲ್ಲ ಅಂದಳು.

ಒಂದು ಹೊತ್ತಿಗೆ ಎಲ್ಲರ ಮೂಗೂ ಮಂಕಾಯಿತು. ಗುಲಾಬಿ ಯಾವುದು, ದೇವದಾರು ಯಾವುದು ಗೊತ್ತಾಗದಷ್ಟು. ಡಾಕ್ಟರಿಗಂತೂ ಎಲ್ಲವೂ ಲವಂಗದೆಣ್ಣೆಯಂತೆ ಬರುತ್ತಿತ್ತು. ಆಗ ಮೂಗಮ್ಮ ತನ್ನ ಕಸುಬಿನ ಒಂದು ಉಪಾಯ ಹೇಳಿಕೊಟ್ಟಳು. ನಿಮ್ಮ ತೋಳನ್ನೇ ಮೂಸ್ಕೊಳ್ಳಿ, ನಮ್ಮ ವಾಸನೆ ನಮಗೆ ಬರಲ್ಲ, ಮೂಗಿಗೆ ಅದೇ ರೆಸ್ಟು ಅಂದಳು. ಎಲ್ಲರೂ ತಲೆ ತಗ್ಗಿಸಿ ಸ್ವಂತ ತೋಳಿನೊಳಗೆ ಮೂಗು ತೂರಿಸಿದೆವು. ನಾನು ನಿಮ್ಮ ಕಂದು ಸ್ವೆಟರ್ ಹಾಕಿಕೊಂಡಿದ್ದೆ. ಪೆಟ್ಟಿಗೆ ತುಂಬುವಾಗ ತಪ್ಪಿ ಬಂದಿತ್ತು. ಅದರ ತೋಳು ಮೂಸಿದೆ. ಏನೂ ಬರಲಿಲ್ಲ. ಮೂಗು ತೊಳೆದಿಟ್ಟಂತೆ ಚುರುಕಾಯಿತು. ಆಮೇಲೆ ಇಡೀ ತರಗತಿಯಲ್ಲಿ ಕಣ್ಣು ಮುಚ್ಚಿ ಸೀಸೆಗಳನ್ನು ಸರಿಯಾಗಿ ಗುರುತಿಸಿದವಳು ನಾನೊಬ್ಬಳೇ. ಡಾಕ್ಟರು ನನ್ನ ಕಡೆ ಮೂಗು ಮುರಿದರು.

ಆಗಲೇ ಮೂಗಮ್ಮ ನನ್ನ ಹಿಂದೆ ಬಂದು ನಿಂತಳು. ಗಾಳಿಯನ್ನು ಒಂದೆರಡು ಸಲ ಎಳೆದಳು. ಇಲ್ಲಿ ನನ್ನ ಸೀಸೆಗಳಲ್ಲಿ ಇಲ್ಲದ್ದು ಏನೋ ಇದೆ, ಯಾರು ತಂದಿದ್ದು ಅಂದಳು. ಮೊದಲು ಡಾಕ್ಟರನ್ನು ಮೂಸಿದಳು, ಪಾಪ ಅವರು ಹಲ್ಲಿನ ಪರೀಕ್ಷೆಗೆ ಕೂತವರಂತೆ ಬಾಯಿ ತೆರೆದುಬಿಟ್ಟರು. ಆಮೇಲೆ ನನ್ನ ಭುಜಕ್ಕೆ ಬಾಗಿದಳು.

“ಹೊಲಿಗೆ ಮೆಷಿನ್ನಿನ ಎಣ್ಣೆ,” ಅಂದಳು. “ಸ್ವಲ್ಪ ಪೆಪ್ಪರಮಿಂಟು. ಆಮೇಲೆ ಯಾರೋ ಗಂಡಸು.”

ಇಡೀ ಮೇಜು ನಕ್ಕಿತು. ನಾನು ಸ್ವೆಟರ್ ನನ್ನದೇ ಎಂದೆ. ಅವಳು ಒಪ್ಪಲಿಲ್ಲ. ಬೇರೆಯವ್ರ ಬಟ್ಟೆ ಮೂಸಿದ್ರೆ ಮೂಗಿಗೆ ರೆಸ್ಟು ಸಿಗಲ್ಲ, ಇನ್ನೂ ಕೆಡುತ್ತೆ ಅಂತ ವಾದಿಸಿದಳು. ನನಗೆ ಸಿಕ್ಕಿತಲ್ಲ ಎಂದೆ. ಡಾಕ್ಟರು ಮೂಸಿದರು, ಎಣ್ಣೆ ಹೌದು ಅಂದರು. ಆ ಹೊಸ ಜೋಡಿಯೂ ಎದ್ದು ಬಂದು ನಿನ್ನ ಸ್ವೆಟರಿನ ತೋಳಿಗೆ ಮೂಗಿಟ್ಟಿತು, ಪೆಪ್ಪರಮಿಂಟು ಹೌದು ಅಂದಿತು. ಊರವರಿಗೆಲ್ಲ ನೀನು ಬರುತ್ತಿದ್ದೀಯ, ನನ್ನೊಬ್ಬಳಿಗೆ ಇಲ್ಲ. ಮತ್ತೆ ಮತ್ತೆ ಎಳೆದು ನೋಡಿದೆ. ಇಲ್ಲವೇ ಇಲ್ಲ.

ನೋಡಿ, ಬರೆಯುತ್ತ ಬರೆಯುತ್ತ ಏಕವಚನಕ್ಕೆ ಇಳಿದಿದ್ದೇನೆ. ಹೊಡೆದು ಹಾಕುವುದಿಲ್ಲ, ಇರಲಿ. ಲೋಕದಲ್ಲಿ ಜನ ಜಗಳವಾದರೆ ಏಕವಚನಕ್ಕೆ ಇಳಿಯುತ್ತಾರೆ. ನಾವಿಬ್ಬರು ಬಹುವಚನಕ್ಕೆ ಏರಿದೆವು. ನಾನು ಊರೂರಿನ ಬಸ್ ಚಾಲಕರಿಗೆ ಕಲಿಸುವ ಈ ಕೆಲಸ ಹಿಡಿಯುತ್ತೇನೆ ಎಂದ ದಿನ ನೀನು ಸ್ಕ್ರೂ ಡ್ರೈವರಿನಿಂದ ಕಣ್ಣೆತ್ತದೆ, “ನಿಮಗೆ ಹೇಗೆ ಬೇಕೋ ಹಾಗೆ ಮಾಡಿ” ಅಂದೆ. ಮದುವೆಯಾದಂದಿನಿಂದ ಮೊದಲ ಸಲ ಆ ‘ನಿಮಗೆ’. ಬೈದಿದ್ದರೆ ನಾನೂ ಬೈದು, ಅತ್ತು, ಊಟಕ್ಕೆ ಕೂರುತ್ತಿದ್ದೆ. ಆ ಮರ್ಯಾದೆಗೆ ಏನು ಉತ್ತರ ಹೇಳುವುದು? ನಾನೂ ‘ಸರಿ, ನೀವು ಹೇಳಿದ ಹಾಗೆ’ ಅಂದೆ. ಮರುವಾರ ನೀನು ಕೆಲಸ ಜಾಸ್ತಿ ಎಂದು ಹಾಸಿಗೆ ಸುತ್ತಿಕೊಂಡು ಅಂಗಡಿಯ ಮೇಲೆ ಹೋದೆ. ಎಷ್ಟು ಮರ್ಯಾದಸ್ಥರ ಮನೆ ನಮ್ಮದು, ಒಂದು ಪಾತ್ರೆಯೂ ಸದ್ದಾಗಲಿಲ್ಲ.

ಸ್ವೆಟರಿನ ವಿಷಯ ನಿಜ ಹೇಳುತ್ತೇನೆ. ಅದು ತಪ್ಪಿ ಬಂದದ್ದಲ್ಲ. ಬಾಗಿಲ ಹಿಂದಿನ ಮೊಳೆಯಿಂದ ನಾನೇ ತೆಗೆದು ಪೆಟ್ಟಿಗೆಯ ತಳದಲ್ಲಿಟ್ಟೆ. ಗಂಡನ ಬಟ್ಟೆ ಮೂಸಿ ಅಳುವ ಹೆಂಗಸರಿರುತ್ತಾರಂತೆ. ನನಗೂ ಹಾಗೆ ಏನಾದರೂ ಆಗುತ್ತದೋ ನೋಡೋಣ, ಹಾಗಾದರೆ ಹಿಂದಿರುಗುವುದು, ಆಗದಿದ್ದರೆ ಇಲ್ಲ, ಎಂದು ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೆ. ಹೋದ ಹೋದ ಊರಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಮೂಸಿದೆ. ಕತ್ತಿನ ಹತ್ತಿರ, ಕಂಕುಳ ಹತ್ತಿರ, ನೀನು ಕೈ ಒರೆಸಿಕೊಳ್ಳುವ ಜೇಬಿನ ಹತ್ತಿರ. ಬರೀ ಉಣ್ಣೆ. ನೀನು ಇಲ್ಲ. ಮೊದಲು ಆಶ್ಚರ್ಯವಾಯಿತು, ಆಮೇಲೆ ಹೆದರಿಕೆಯಾಯಿತು, ಕೊನೆಗೆ ತೀರ್ಮಾನ ಮಾಡಿಕೊಂಡೆ. ಮುಗಿಯಿತು, ಇವನು ನನ್ನಿಂದ ಪೂರ್ತಿ ಹೋಗಿದ್ದಾನೆ, ಮೂಗಿನಲ್ಲೂ ಉಳಿದಿಲ್ಲ ಎಂದು. ನಿನ್ನ ಪ್ರಶ್ನೆ ಬಂದಾಗ ಉತ್ತರ ಬಾಯಿಪಾಠವಾಗಿತ್ತು. ಬಿಟ್ಟುಬಿಡಿ ಎನ್ನುವುದು.

ತರಗತಿ ಮುಗಿದು ಉಳಿದವರೆಲ್ಲ ಇಳಿದು ಹೋದರು. ನಾನು ಸೀಸೆ ಒರೆಸುವ ನೆವದಲ್ಲಿ ಉಳಿದೆ. ನನಗೊಬ್ಬಳಿಗೇ ಯಾಕೆ ಬರುತ್ತಿಲ್ಲ ಎಂದು ಮೂಗಮ್ಮನನ್ನು ಕೇಳಿದೆ. ಅವಳು ಹನಿನಳಿಗೆ ತೊಳೆಯುತ್ತ, ಯಾರದ್ದು ಸ್ವೆಟರು ಅಂತ ಕೇಳಿದಳು. ಹೇಳಿದೆ.

“ಎಷ್ಟು ವರ್ಷ ಜೊತೆಗಿದ್ರಿ?” ಅಂದಳು.

ಇದ್ರಿ ಅಲ್ಲ, ಇದೀವಿ ಎಂದು ತಿದ್ದಿದೆ. ತಿದ್ದಿದ ಮೇಲೆ ನನಗೇ ನನ್ನ ಮಾತು ಕೇಳಿಸಿತು. ಅವಳು ನಗಲಿಲ್ಲ.

“ಅವ್ರು ಬೇರೆಯವ್ರು ಅಂತ ನಿಮ್ಮ ಮೂಗಿಗೆ ಇನ್ನೂ ಯಾರೂ ಹೇಳಿಲ್ಲ ಬಿಡಿ,” ಅಂದು ನೀರು ನಿಲ್ಲಿಸಿದಳು.

ನನಗೆ ಎಂಥ ಸಿಟ್ಟು ಬಂತೆಂದರೆ, ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ನೀನು ಹೇಳುವುದು ಸುಳ್ಳಲ್ಲ. ಯಾರೋ ದಾರಿಹೋಕಳು, ನನ್ನ ಗಂಡ ನನಗೆ ಯಾರೆಂದು ಹೇಳುವುದೇ? ನನ್ನ ಸೀಸೆಯ ಮುಚ್ಚಳ ತೆಗೆದು ಅದರೊಳಗೆ ಲಾವಂಚವನ್ನು ಧಾರಾಳವಾಗಿ ಸುರಿದೆ. ಹಸಿ ಮಣ್ಣಿನ ಗೋಡೆ ಮುಖದ ಮೇಲೆ ಕುಸಿದಂಥ ಘಮಲು. ಮೆಟ್ಟಿಲ ಕೆಳಗೆ ಛತ್ರಿ ಹುಡುಕುತ್ತಿದ್ದ ಡಾಕ್ಟರು ತಮಗೆ ಅದು ಬಹಳ ಇಷ್ಟವಾಯಿತೆಂದರು. ಸೀಸೆಯನ್ನು ಅವರಿಗೇ ಕೊಟ್ಟುಬಿಟ್ಟೆ. ಅವರ ಹೆಂಡತಿಯನ್ನು ದೇವರೇ ಕಾಪಾಡಬೇಕು.

ಸಂಜೆ ಬಸ್ಸು ಸರಿಯಾಯಿತು. ನಾನು ಹತ್ತಲಿಲ್ಲ. ಮರುದಿನವೂ ಹತ್ತಲಿಲ್ಲ. ನಿಲ್ದಾಣಕ್ಕೆ ಹೋಗುವುದು, ಪೆಟ್ಟಿಗೆ ಇಳಿಸುವುದು, ಹಿಂದಿರುಗುವುದು. ಮುಂದಿನ ಊರಿಗೆ ಹೋಗಲೂ ಮನಸ್ಸಿಲ್ಲ, ಹಿಂದಿನ ಊರಿಗೆ ಬರಲೂ ಧೈರ್ಯವಿಲ್ಲ. ಒಂದು ಮೂಗು ಸೋಮಾರಿಯಾಯಿತೆಂದು ಸಂಸಾರ ಮಾಡಲಾಗುತ್ತದೆಯೇ? ನಾಳೆ ಬಂದು ಬಾಗಿಲು ಬಡಿದರೆ ನೀನು ಮತ್ತೆ “ಬನ್ನಿ, ಕೂತುಕೊಳ್ಳಿ” ಅಂದರೆ ನಾನು ಎಲ್ಲಿಗೆ ಹೋಗಲಿ? ನನಗೆ ಭಯವಿರುವುದು ಅದೊಂದೇ. ನೀನು ಕೂಗಾಡಿದರೆ ಭಯವಿಲ್ಲ. ಮತ್ತು ಇದನ್ನೂ ತಿಳಿದುಕೊ, ನಾನು ಈ ಕೆಲಸ ಬಿಡುವುದಿಲ್ಲ. ನನ್ನ ಕಾಲಿನ ಚಕ್ರ ಬಿಚ್ಚಿಟ್ಟು ಬಾ ಎಂದರೆ ಬರುವವಳಲ್ಲ.

ಇಷ್ಟೆಲ್ಲ ಬರೆದರೂ ಉತ್ತರ ಬರೆಯಲಿಲ್ಲ ಎಂದು ನೀನು ಹಾಳೆ ತಿರುಗಿಸಿ ನೋಡುತ್ತಿರುತ್ತೀಯ. ಹಿಂದೆ ಏನೂ ಇಲ್ಲ. ಉತ್ತರ ಈ ಕೈಗೆ ಬರುತ್ತಿಲ್ಲ. ಕಿಟಕಿಗೆ ಮೊಳೆ ಹೊಡೆಯಿರಿ. ಹೊಡಿ.

ಇಂತಿ,
ನೀನೇ ಹೆಸರಿಟ್ಟ
ಬ್ರೇಕಮ್ಮ

ತಾ.ಕ.: ಇವತ್ತು ಶನಿವಾರ. ಪತ್ರವನ್ನು ಅಂಚೆಗೆ ಹಾಕಲಿಲ್ಲ, ಜೊತೆಗೇ ತಂದೆ. ಬಸ್ಸಿಳಿದು ಮೊದಲು ಮನೆಗೆ ಹೋಗಿದ್ದೆ. ಬೀಗ ತೆಗೆದೊಡನೆ ಮುಖಕ್ಕೆ ಬಡಿಯಿತು: ಮುಗ್ಗಲು, ಒಣಗಿದ ಬಚ್ಚಲು, ಯಾರದೋ ಮನೆಯ ವಾಸನೆ. ಕಿಟಕಿ ತೆಗೆದು ಬಹಳ ಹೊತ್ತು ಕೂತೆ, ಆ ವಾಸನೆ ಹೋಗಲಿಲ್ಲ. ಎದ್ದು ಮಾಲೀಕರ ಹತ್ತಿರ ಹೋಗಿ, ಮನೆ ಬಿಡುತ್ತೇವೆ ಎಂದು ಹೇಳಿ ಕೀಲಿ ಕೊಟ್ಟು ಬಂದೆ. ಗಾಬರಿಯಾಗಬೇಡ, ಬಿಟ್ಟದ್ದು ಮನೆಯನ್ನು ಮಾತ್ರ. ಈಗ ನಿನ್ನ ಅಂಗಡಿಯ ಮೆಟ್ಟಿಲ ಮೇಲೆ ಪೆಟ್ಟಿಗೆಯ ಮೇಲೆ ಹಾಳೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಳಗೆ ನೀನು ಯಾವುದೋ ಮೆಷಿನ್ ಓಡಿಸಿ ನೋಡುತ್ತಿದ್ದೀಯ, ಬಡಿದದ್ದು ಕೇಳಿಸಿಲ್ಲ. ಬಾಗಿಲ ಸಂದಿಯಿಂದ ತೂರಿಸುತ್ತೇನೆ. ಮೇಲಿನ ಕೋಣೆಯಲ್ಲಿ ನನಗೂ ಜಾಗ ಮಾಡು. ಸೋಮವಾರ ಮತ್ತೆ ಬೇರೆ ಊರಿಗೆ ಹೋಗುತ್ತೇನೆ, ಆ ವಾರ ಕಳೆದು ಬರುತ್ತೇನೆ. ಬರುತ್ತೇನೆ ಎನ್ನುವುದನ್ನು ಎರಡು ಸಲ ಓದು. ಓದಿದ್ದು ಸಾಕು, ಬಾಗಿಲು ತೆಗಿಯೋ.