ಮಗನ ಫೋನಿಗೆ ಬಂದ ಸೊಸೆಯ ಪದವಿ

ಮಹಿಳಾ ನಾಯಕತ್ವ ತರಬೇತಿಯ ಹಿರಿಯ ಅಧಿಕಾರಿಗಳೇ,

ಮೊದಲು ಖರ್ಚು ಹೇಳಿಬಿಡುತ್ತೇನೆ. ಸೊಸೆಯ ತರಬೇತಿ ಹನ್ನೆರಡು ದಿನ. ಹೋಗುವಾಗ ಎರಡು ಬಸ್ಸು, ಬರುವಾಗ ಎರಡು, ಒಟ್ಟು ನಲವತ್ತೆಂಟು ಬಸ್ಸು. ಹೆಂಗಸರಿಗೆ ಟಿಕೆಟ್ಟಿಲ್ಲ, ಒಪ್ಪಿದೆ. ಹೊತ್ತಿಗೂ ಬೆಲೆಯಿಲ್ಲ ಅಂತ ಯಾರೂ ಹೇಳಿಲ್ಲವಲ್ಲ. ಆ ಹನ್ನೆರಡು ದಿನವೂ ಎರಡು ಹಸುಗಳ ಹಾಲು ಕರೆದವಳು ನಾನು, ನೋಯುವ ಮಂಡಿ ಇಟ್ಟುಕೊಂಡು. ಇಷ್ಟೆಲ್ಲ ಆದ ಮೇಲೆ ನನ್ನ ಸೊಸೆ ದಿವ್ಯ ಪರೀಕ್ಷೆಯಲ್ಲಿ ತಾಲ್ಲೂಕಿಗೇ ಮೊದಲು ಬಂದಳು. ಅವಳಿಗೆ ಸಿಗಬೇಕಾಗಿದ್ದ ಕುರ್ಚಿಯಲ್ಲಿ ಈಗ ಒಬ್ಬ ಗಂಡಸು ಕೂತಿದ್ದಾನೆ. ನನ್ನ ದೂರು ಇಷ್ಟೇ.

ನಾನು ಕೆ.ಆರ್. ಪೇಟೆ ತಾಲ್ಲೂಕು ಸಿಂಧಘಟ್ಟದವಳು. ಏಳನೇ ಕ್ಲಾಸು ಓದಿ, ಬೂಸಾ ಅಂಗಡಿ ಇಟ್ಟು, ಇಪ್ಪತ್ತೆರಡು ವರ್ಷದಿಂದ ಮಾತಾಡಿಯೇ ವ್ಯಾಪಾರ ಮಾಡಿದವಳು. ‘ಕೃತಕ ಬುದ್ಧಿಮತ್ತೆಯ ಮೂಲಕ ಮಹಿಳಾ ನಾಯಕತ್ವ’ ಎಂಬ ನಿಮ್ಮ ಬ್ಯಾನರನ್ನು ಪಾಂಡವಪುರದಲ್ಲಿ ನೋಡಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕು ತಾಲ್ಲೂಕಿನಿಂದ ನಲವತ್ತು ಹೆಣ್ಣುಮಕ್ಕಳು. ತಾಲ್ಲೂಕಿಗೊಬ್ಬಳನ್ನು ‘ನಾಯಕಿ’ ಎಂದು ಆರಿಸಿ, ಒಂದು ವರ್ಷ ಸಮಿತಿಯಲ್ಲಿ ಕೂರಿಸುತ್ತೀರಿ, ಅವಳ ಮಾತು ಅಲ್ಲಿ ದಾಖಲಾಗುತ್ತದೆ ಅಂದಿರಿ. ದಿವ್ಯ ಡೈರಿಯ ನಾಲ್ಕು ತಿಂಗಳ ಹಾಲಿನ ಚೀಟಿಗಳ ಫೋಟೋ ತೆಗೆದು, ಯಂತ್ರದ ಕೈಲಿ ಪಟ್ಟಿ ಮಾಡಿಸಿ, ಯಾವ ವಾರ ಹಾಲಿನ ಅಳತೆ ಇಳಿಯಿತು, ಏಕೆ ಇಳಿಯಿತು ಎಂದು ನಿಮ್ಮೆದುರಿಗೇ ವಿವರಿಸಿದಳು. ನೀವೇ ಚಪ್ಪಾಳೆ ತಟ್ಟಿದಿರಿ. ಫೋಟೋದಲ್ಲಿ ನಿಮ್ಮ ಕೈ ಮಸುಕಾಗಿದೆ, ಅಷ್ಟು ಜೋರಾಗಿ ತಟ್ಟಿದ್ದಿರಿ.

ಈಗ ತಪ್ಪಿನ ಮಾತಿಗೆ ಬರೋಣ. ನಿಮ್ಮ ಅರ್ಜಿಯಲ್ಲಿ ಒಂದು ಅಂಕಣ: ‘ಗಂಡ ಅಥವಾ ತಂದೆಯ ಮೊಬೈಲ್ ಸಂಖ್ಯೆ’. ಹೆಂಗಸಿನ ಸಂಖ್ಯೆಗೆ ಜಾಗವೇ ಇಲ್ಲ. ಹೆಂಗಸರಿಗೆ ಯಂತ್ರದ ಬುದ್ಧಿ ಕಲಿಸಲು ಕರೆದವರಿಗೆ, ಆ ಹೆಂಗಸಿನ ಕೈಲೊಂದು ಫೋನಿರಬಹುದು ಎಂಬ ಬುದ್ಧಿ ಯಾಕೆ ಹೊಳೆಯಲಿಲ್ಲ? ನಮ್ಮ ಕಡೆ ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ, ಬ್ಯಾಂಕು, ಎಲ್ಲದಕ್ಕೂ ಮನೆ ಗಂಡಸಿನ ನಂಬರೇ. ಆ ಅಭ್ಯಾಸದಲ್ಲಿ ನಾನೂ ತುಂಬಿಸಿಬಿಟ್ಟೆ. ಹೌದು, ಆ ಅರ್ಜಿ ತುಂಬಿದ್ದು ನಾನೇ. ನನ್ನ ಮಗ ಮಂಜುನಾಥನ ನಂಬರು ಬರೆದವಳೂ ನಾನೇ.

ಫಲಿತಾಂಶ ಬಂತು. ‘ಇಪ್ಪತ್ತನಾಲ್ಕು ಗಂಟೆಯೊಳಗೆ ಈ ಓಟಿಪಿ ಹಾಕಿ ಒಪ್ಪಿಗೆ ಕೊಡಿ’ ಎಂಬ ಸಂದೇಶ ಹೋದದ್ದು ಕಬ್ಬಿನ ಟ್ರಾಕ್ಟರು ಓಡಿಸುತ್ತಿದ್ದ ಮಂಜುನಾಥನಿಗೆ. ಮೂರು ದಿನ ಕಳೆದ ಮೇಲೆ ನಾನು ಕೇಳಿದಾಗ ಅವನು ಹೇಳಿದ್ದು:

“ಯಾವನೋ ಕಳ್ಳನ ಮೆಸೇಜು ಅಂದ್ಕೊಂಡೆ ಕಣವ್ವ. ಓಟಿಪಿ ಯಾರ್ಗೂ ಏಳ್ಬೇಡಿ ಅಂತ ಬ್ಯಾಂಕ್ನೋರು ದಿನಾ ಬಡ್ಕೋತಾವ್ರೆ. ಅಳಿಸ್ಬುಟ್ಟೆ.”

ನಾನು ಅವನನ್ನು ಬಾಯಿಗೆ ಬಂದಂಗೆ ಬೈದೆ. ಒಳಗಿಂದ ದಿವ್ಯ ಅಂದಳು: “ಅವ್ರ್ನ ಯಾಕ್ ಬೈತೀರತ್ತೆ? ನಂಬರ್ ಬರ್ದಿದ್ದು ನೀವಲ್ವಾ?” ಅಷ್ಟೇ ಅಂದು ಹಸುವಿಗೆ ಹುಲ್ಲು ಹಾಕಲು ಹೋದಳು. ಆಮೇಲೆ ಒಂಬತ್ತು ದಿನ ಬೂಸಾ ತೂಗುವಾಗಲೂ ಅದೇ ಮಾತು ನನ್ನ ಕಿವಿಯಲ್ಲಿತ್ತು.

ಹತ್ತನೇ ದಿನ ನಾನೇ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ, ನೀವು ಯಾವಾಗಲೂ ಸಭೆಯಲ್ಲೇ ಇರುತ್ತೀರಿ. ನಿಮ್ಮ ಗುಮಾಸ್ತ ಶಿವಲಿಂಗಯ್ಯ ಕಡತದಿಂದ ತಲೆಯೆತ್ತದೆಯೇ ಹೇಳಿದ: “ನಿಯಮ ಅಂದ್ರೆ ನಿಯಮ ಕಣಕ್ಕ. ಟೈಮ್ ಮುಗ್ದೋಯ್ತು. ಎರಡನೇ ಸ್ಥಾನದ ದೀಪಮ್ಮಂಗೆ ಕೊಟ್ಟಾಯ್ತು.”

“ದೀಪಮ್ಮ ಎಲ್ಲವ್ಳೆ?”

ಅವನು ಗದ್ದ ಎತ್ತಿ ತೋರಿಸಿದ. ‘ತಾಲ್ಲೂಕು ನಾಯಕಿ’ ಎಂಬ ಫಲಕದ ಹಿಂದೆ ಅವಳ ಗಂಡ ಧರ್ಮೇಂದ್ರ ಕೂತು ಟೀ ಕುಡಿಯುತ್ತಿದ್ದ.

“ನಮ್ ಮನೆಯೋಳ್ಗೆ ಕೆಲ್ಸ ಜಾಸ್ತಿ ಕಣಕ್ಕ. ನಾನ್ ಬಂದ್ರೇನು, ಅವ್ಳ್ ಬಂದ್ರೇನು? ಎಲ್ಲಾ ಒಂದೇ ಅಲ್ವಾ?”

“ಒಂದೇ ಆದ್ರೆ ನಾಳಿಂದ ಮುದ್ದೆ ತಿರುವೋಕೆ ನೀನ್ ನಿಂತ್ಕಳಪ್ಪ, ಅವ್ಳ್ನ ಇಲ್ಲಿಗ್ ಕಳ್ಸು,” ಅಂದೆ. ಶಿವಲಿಂಗಯ್ಯ ನಕ್ಕ. ಧರ್ಮೇಂದ್ರ ನಗಲಿಲ್ಲ.

ದೀಪಳ ಮೇಲೆ ನನಗೆ ಸಿಟ್ಟಿಲ್ಲ. ಪಕ್ಕದ ಮನೆಯ ಫೋನಿನಿಂದ ಅವಳೇ ದಿವ್ಯಳಿಗೆ ಕರೆ ಮಾಡಿದ್ದಳು: “ಅಕ್ಕ, ಆ ಕುರ್ಚೀಲಿ ನಾನು ಒಂದಿನಾನೂ ಕೂತಿಲ್ಲ.” ಮೊದಲು ಬಂದವಳಿಗೂ ಇಲ್ಲ, ಎರಡನೆಯವಳಿಗೂ ಇಲ್ಲ, ಪರೀಕ್ಷೆಗೇ ಕೂರದವನಿಗೆ ಸಿಕ್ಕಿತು. ಇಂಥ ಲೆಕ್ಕವನ್ನು ನನ್ನ ಬೂಸಾ ಅಂಗಡಿಯಲ್ಲಿ ಮಾಡಿದ್ದರೆ ಗಿರಾಕಿಗಳು ಮೂಟೆಯನ್ನು ನನ್ನ ತಲೆ ಮೇಲೇ ಹೊರಿಸುತ್ತಿದ್ದರು.

ಸುಮ್ಮನಿರುವವಳು ನಾನಲ್ಲ ಎಂದು ನಿಮಗೆ ಗೊತ್ತಿರಲಿಲ್ಲ, ಪಾಪ. ಮಾಹಿತಿ ಹಕ್ಕಿನಲ್ಲಿ ನಿಮ್ಮ ಸಮಿತಿಯ ಕಾಗದ ಕೇಳಿದೆ. ನೂರ ಅರವತ್ತು ಪುಟ ಕೊಟ್ಟಿರಿ, ಅರ್ಧ ಕಾಣದ ಜೆರಾಕ್ಸು, ಓದಿ ಸುಸ್ತಾಗಲಿ ಎಂದು. ನೀವು ಕಲಿಸಿದ್ದನ್ನೇ ದಿವ್ಯ ನಿಮ್ಮ ಮೇಲೆ ಪ್ರಯೋಗಿಸಿದಳು. ಪುಟಪುಟದ ಫೋಟೋ ತೆಗೆದು ಯಂತ್ರದ ಕೈಲಿ ಪಟ್ಟಿ ಮಾಡಿಸಿದಳು. ಅದು ಕೆಲವು ಕಡೆ ಮೂರನ್ನು ಎಂಟು ಎಂದು ಓದಿತು. ಒಂದೊಂದು ಸಾಲನ್ನೂ ಕೂತು ತಿದ್ದಿದಳು. ಆರು ಸಭೆ, ನಾಲ್ವರು ನಾಯಕಿಯರು, ಇಪ್ಪತ್ತನಾಲ್ಕು ಹಾಜರಿ ಇರಬೇಕು. ಅದರಲ್ಲಿ ಹದಿನೆಂಟು ಸಹಿ ಗಂಡಂದಿರದು, ಪಕ್ಕದಲ್ಲಿ ‘ಪರವಾಗಿ’. ನಾಗಮಂಗಲದ ಹೆಣ್ಣುಮಗಳು ಒಬ್ಬಳೇ ಐದು ಸಲ ಖುದ್ದಾಗಿ ಬಂದಿದ್ದಾಳೆ. ಆರನೆಯ ಸಲ ಅವಳಿಗೆ ಹೆರಿಗೆ. ಆ ದಿನ ಸಂತೆಮಾಳದ ಹೆಂಗಸರ ಶೌಚಾಲಯಕ್ಕೆ ಬಾಗಿಲು ಬೇಕೋ ಬೇಡವೋ ಎಂದು ಮೂವರು ಗಂಡಸರು ಚರ್ಚಿಸಿ, ‘ಮುಂದೂಡಲಾಗಿದೆ’ ಎಂದು ಸರ್ವಾನುಮತದಿಂದ ಬರೆದಿದ್ದಾರೆ. ಅದರ ಕೆಳಗೆ ನಿಮ್ಮ ಸಹಿ ಎಷ್ಟು ಚೆಂದ ಇದೆ!

ಆ ಪಟ್ಟಿ ನಿಮ್ಮ ಸಹಿಯ ಸಮೇತ ನಾಳೆಯಿಂದ ನಾಲ್ಕು ತಾಲ್ಲೂಕಿನ ಡೈರಿಗಳ ಗೋಡೆ ಮೇಲಿರುತ್ತದೆ. ನಿಮ್ಮಲ್ಲಿ ತರಬೇತಿ ಪಡೆದ ಹೆಣ್ಣುಮಕ್ಕಳೇ ಅಂಟಿಸುತ್ತಾರೆ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವವರೆಲ್ಲ ಓದಲಿ. ಇದು ಸೇಡೇ ಎಂದು ನೀವು ಕೇಳಬಹುದು. ಹೌದು ಸ್ವಾಮಿ, ಸೇಡೇ.

ನನ್ನ ಬೇಡಿಕೆ: ಹದಿನೈದು ದಿನದೊಳಗೆ ಆ ಮೂರು ಕುರ್ಚಿಗಳಿಂದ ಗಂಡಂದಿರನ್ನು ಎಬ್ಬಿಸಿ. ಆಯ್ಕೆಯಾದವರನ್ನು ಅವರವರ ನಂಬರಿಗೇ ಕರೆದು, ಮುಖ ನೋಡಿ ಒಪ್ಪಿಗೆ ಪಡೆಯಿರಿ. ಅರ್ಜಿಯ ಆ ಅಂಕಣ ತೆಗೆಯಿರಿ. ಬೇಕಾದರೆ ಪರೀಕ್ಷೆಯನ್ನು ಇನ್ನೊಮ್ಮೆ ಇಡಿ; ದಿವ್ಯ ಬರುತ್ತಾಳೆ, ದೀಪಳನ್ನೂ ಕರೆತರುತ್ತಾಳೆ. ಇಲ್ಲವಾದರೆ ಮುಂದಿನ ಪಟ್ಟಿ ನಿಮ್ಮ ಮೇಲಿನವರ ಮೇಜಿಗೆ.

ಕೊನೆಗೆ, ಇದರಲ್ಲಿ ಯಾರಿಗೆ ಏನು ಸಿಕ್ಕಿತು ಎಂದು ಬರೆದುಬಿಡುತ್ತೇನೆ. ಧರ್ಮೇಂದ್ರನಿಗೆ ಕುರ್ಚಿ, ಟೀ. ದೀಪಳಿಗೆ ತನ್ನ ಪದವಿಯ ಫಲಕ, ದೂರದಿಂದ. ನಿಮಗೆ ‘ನೂರಕ್ಕೆ ನೂರು ಗುರಿಸಾಧನೆ’ ಎಂಬ ವರದಿ. ಮಂಜುನಾಥನಿಗೆ ಬೈಗುಳ. ನನಗೆ ನೂರ ಅರವತ್ತು ಪುಟ. ದಿವ್ಯಳಿಗೆ ಈವರೆಗೆ ಏನೂ ಇಲ್ಲ.

ಇಂತಿ,
ಊರಿಗೆಲ್ಲ ಬುದ್ಧಿ ಹೇಳಿ, ಸ್ವಂತ ಸೊಸೆಯ ಅರ್ಜಿಯಲ್ಲೇ ಎಡವಿದ
ಗೌರಮ್ಮ
ಬೂಸಾ ಅಂಗಡಿ, ಸಿಂಧಘಟ್ಟ